ಮನೆ ಕಾಯುವ ಒಂದೆಳೆ ತಂತಿ

ರಾತ್ರಿಯ ಊಟದ ಹೊತ್ತಿಗೆ ಮನೆಯ ದೀಪಗಳೆಲ್ಲ ಒಮ್ಮೆಗೇ ಆರಿಹೋಗುತ್ತವೆ. ಕಿಟಕಿಯಿಂದ ಇಣುಕಿ ನೋಡಿದರೆ ಎದುರು ಮನೆಯಲ್ಲಿ ಬೆಳಕಿದೆ. 'ಫ್ಯೂಸ್ ಹೋಯಿತು' ಎಂಬ ಉದ್ಗಾರ ಹೊರಡುತ್ತದೆ. ಮನೆಯ ಯಜಮಾನನು ಮೇಣದ ಬತ್ತಿಯ ಬೆಳಕಿನಲ್ಲಿ ಸ್ಟೂಲು ಹತ್ತಿ, ಪಿಂಗಾಣಿಯ ಹಿಡಿಯನ್ನು ಕಿತ್ತು, ಸುಟ್ಟು ಕಪ್ಪಾದ ಚೂರನ್ನು ತೆಗೆದು, ಕೈಗೆ ಸಿಕ್ಕಿದ ತಾಮ್ರದ ಎಳೆಯೊಂದನ್ನು ಸುತ್ತಿ ಮತ್ತೆ ಸಿಕ್ಕಿಸುತ್ತಾನೆ. ಎಳೆ ತೆಳುವಾಗಿ ಕಂಡರೆ ಇನ್ನೆರಡನ್ನು ಸೇರಿಸುತ್ತಾನೆ. 'ಇನ್ನು ವರ್ಷಗಟ್ಟಲೆ ಹೋಗದು' ಎಂದು ತೃಪ್ತಿಪಡುತ್ತಾನೆ. ದೀಪ ಬೆಳಗುತ್ತದೆ, ಊಟ ಮುಂದುವರಿಯುತ್ತದೆ. ಆದರೆ ಆ ಗಳಿಗೆಯಿಂದ ಆ ಮನೆಗೆ ಕಾವಲುಗಾರನಿಲ್ಲ.

ಇದನ್ನು ಬರಿಯ ಅಲಕ್ಷ್ಯವೆಂದು ಹಳಿಯುವುದು ಸುಲಭ. ಆದರೆ ಆ ಪಿಂಗಾಣಿಯ ಹಿಡಿ ಯಾವ ತಂತಿಯನ್ನು ಕೊಟ್ಟರೂ ಬೇಡವೆನ್ನದೆ ಸ್ವೀಕರಿಸುತ್ತದೆ ಎಂಬುದನ್ನೂ ನಾವು ಗಮನಿಸಬೇಕು. ಯಾವುದು ಯಾವುದಕ್ಕೆ ಹೊಂದಬೇಕು, ಯಾವುದು ಯಾವುದಕ್ಕೆ ಹೊಂದಲೇಬಾರದು ಎಂಬ ಈ ಪ್ರಶ್ನೆಯನ್ನು ಬಿಡಿಸಲು ಜಗತ್ತಿನ ಎಂಜಿನಿಯರುಗಳು ನೂರು ವರ್ಷಗಳಿಗೂ ಮೀರಿ ತಲೆ ಕೆಡಿಸಿಕೊಂಡಿದ್ದಾರೆ. ಆ ಕಥೆಯು ಚಿಕ್ಕ ವಸ್ತುವೊಂದರ ಕಥೆಯಾದರೂ ನಮ್ಮೆಲ್ಲರ ಮನೆಯ ಗೋಡೆಯೊಳಗೆ ನಡೆಯುತ್ತಿರುವ ಕಥೆ.

ತನ್ನನ್ನೇ ಆಹುತಿ ಕೊಡುವ ಕಾವಲುಗಾರ

ತಂತಿಯಲ್ಲಿ ವಿದ್ಯುತ್ತು ಹರಿದಾಗ ತಂತಿ ಬಿಸಿಯಾಗುತ್ತದೆ. ಪ್ರವಾಹ ಇಮ್ಮಡಿಯಾದರೆ ಹುಟ್ಟುವ ಶಾಖ ನಾಲ್ಮಡಿ, ಮುಮ್ಮಡಿಯಾದರೆ ಒಂಬತ್ತು ಮಡಿ. ಗೋಡೆಯಲ್ಲಿ ಹುದುಗಿಸಿದ ತಂತಿಗೆ ಇಂತಿಷ್ಟೇ ಪ್ರವಾಹವನ್ನು ತಾಳುವ ಶಕ್ತಿ ಇರುತ್ತದೆ. ಅದನ್ನು ಮೀರಿದರೆ ತಂತಿಯ ಹೊದಿಕೆ ಕರಗುತ್ತದೆ, ಸುಡುತ್ತದೆ, ಬಳಿಯಲ್ಲಿರುವ ಮರಮುಟ್ಟಿಗೆ ಬೆಂಕಿ ಹತ್ತುತ್ತದೆ. ಇದನ್ನು ತಡೆಯಲು ಪ್ರವಾಹದ ಹಾದಿಯಲ್ಲಿ ಬೇಕೆಂದೇ ದುರ್ಬಲವಾದ ಒಂದು ಕೊಂಡಿಯನ್ನು ಇಡುತ್ತಾರೆ. ಮಿತಿ ಮೀರಿದಾಗ ಮೊದಲು ಅದು ಕರಗಿ ಹಾದಿಯನ್ನು ಕಡಿಯುತ್ತದೆ. ಅದೇ ಫ್ಯೂಸು.

ಈ ಉಪಾಯವು ವಿದ್ಯುದ್ದೀಪಕ್ಕಿಂತಲೂ ಹಳೆಯದು. ತಂತಿ ಕಚೇರಿಗಳನ್ನು ಸಿಡಿಲಿನಿಂದ ಕಾಪಾಡಲು ತೆಳುವಾದ ತಂತಿಯ ತುಂಡೊಂದನ್ನು ನಡುವೆ ಜೋಡಿಸಬೇಕೆಂದು ೧೮೪೭ರಲ್ಲಿಯೇ ಫ್ರಾನ್ಸಿನ ಬ್ರೆಗೆ ಎಂಬುವನು ಸಲಹೆಯಿತ್ತಿದ್ದನು. ೧೮೮೦ರಲ್ಲಿ ಥಾಮಸ್ ಎಡಿಸನ್ನನು ದೀಪದ ತಂತಿಗಳಿಗೆ ಇಂತಹ ರಕ್ಷಣೆಯ ಹಕ್ಕುಪತ್ರವನ್ನು ಪಡೆದನು. ಎರಡು ವರ್ಷಗಳ ತರುವಾಯ, ೧೮೮೨ರ ಸೆಪ್ಟೆಂಬರಿನಲ್ಲಿ, ನ್ಯೂಯಾರ್ಕಿನ ಪರ್ಲ್ ಬೀದಿಯ ಅವನ ವಿದ್ಯುದಾಗಾರದಿಂದ ಮನೆಮನೆಗೆ ಬೆಳಕು ಹರಿಯಲಾರಂಭಿಸಿತು.

ಎಷ್ಟು ದಪ್ಪದ ತಂತಿ ಎಷ್ಟು ಪ್ರವಾಹಕ್ಕೆ ಕರಗುವುದೆಂಬ ಲೆಕ್ಕವನ್ನು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಬ್ರಿಟನ್ನಿನ ವಿಲಿಯಂ ಪ್ರೀಸ್ ಎಂಬುವನು ಹಾಕಿಕೊಟ್ಟನು. ಅದರಂತೆ ತಂತಿಯ ದಪ್ಪ ಇಮ್ಮಡಿಯಾದರೆ ಅದನ್ನು ಕರಗಿಸಲು ಬೇಕಾದ ಪ್ರವಾಹ ಸುಮಾರು ೨.೮ ಪಾಲು ಹೆಚ್ಚುತ್ತದೆ. ತವರದ ಲೇಪವಿರುವ ತಾಮ್ರದ ಫ್ಯೂಸ್ ತಂತಿಯಲ್ಲಿ ೫ ಆಂಪಿಯರಿಗೆ ೦.೨೦ ಮಿಲಿಮೀಟರ್, ೧೦ ಆಂಪಿಯರಿಗೆ ೦.೩೫, ೧೫ ಆಂಪಿಯರಿಗೆ ೦.೫೦, ೩೦ ಆಂಪಿಯರಿಗೆ ೦.೮೫ ಎಂದು ದಪ್ಪವನ್ನು ನಿಗದಿಪಡಿಸಿದ್ದಾರೆ. ಐದು ಆಂಪಿಯರಿನ ತಂತಿಗೂ ಮೂವತ್ತು ಆಂಪಿಯರಿನ ತಂತಿಗೂ ಇರುವ ಅಂತರ ಮುಕ್ಕಾಲು ಮಿಲಿಮೀಟರಿಗಿಂತಲೂ ಕಡಿಮೆ! ಮೇಣದ ಬತ್ತಿಯ ಬೆಳಕಿನಲ್ಲಿ ಇದನ್ನು ಕಣ್ಣಳತೆಯಿಂದ ಗುರುತಿಸುವ ಗೃಹಸ್ಥನು ಎಷ್ಟು ಮಂದಿಯಲ್ಲಿ ಒಬ್ಬನಿರಬಹುದು? ಇದಲ್ಲದೆ, ಈ ಬಗೆಯ ಬಿಡಿ ತಂತಿಯು ತನ್ನ ಸಂಖ್ಯೆಯ ಸುಮಾರು ಇಮ್ಮಡಿ ಪ್ರವಾಹ ಬಂದಾಗಲಷ್ಟೇ ಕರಗುವುದರಿಂದ, ದಪ್ಪದಲ್ಲಿ ಆಗುವ ತಪ್ಪು ಇನ್ನೂ ದುಬಾರಿಯಾಗುತ್ತದೆ.

ಸೇರು, ಕೊಳಗ ಮತ್ತು ಬಾಲ್ಟಿಮೋರಿನ ಬೆಂಕಿ

ಒಂದೇ ಹೆಸರಿನ ಅಳತೆ ಊರೂರಿಗೆ ಬೇರೆಯಾದರೆ ಆಗುವ ಗೊಂದಲ ನಮ್ಮವರಿಗೆ ಹೊಸತಲ್ಲ. ಪಕ್ಕಾ ಸೇರು ಬೇರೆ, ಕಚ್ಚಾ ಸೇರು ಬೇರೆ. ಒಂದು ಸೀಮೆಯ ಕೊಳಗ ಇನ್ನೊಂದು ಸೀಮೆಯಲ್ಲಿ ಸಲ್ಲದು. ೧೯೫೬ರ ಶಾಸನದ ಮೂಲಕ ದೇಶಕ್ಕೆಲ್ಲ ಮೆಟ್ರಿಕ್ ಅಳತೆಗಳನ್ನು ತಂದ ಮೇಲಷ್ಟೇ ಈ ತೊಡಕು ಕ್ರಮೇಣ ನೀಗಿತು. ಅಳತೆಯಲ್ಲಿ ಮೋಸವಾದರೆ ಹೋಗುವುದು ಹಣ. ಯಂತ್ರಸಾಮಗ್ರಿಯಲ್ಲಿ ಅಳತೆ ತಪ್ಪಿದರೆ ಹೋಗುವುದು ಊರು.

ಇದು ಅತಿಶಯೋಕ್ತಿಯಲ್ಲ. ೧೯೦೪ರ ಫೆಬ್ರವರಿ ೭ರಂದು ಅಮೆರಿಕದ ಬಾಲ್ಟಿಮೋರ್ ನಗರಕ್ಕೆ ಬೆಂಕಿ ಬಿದ್ದಿತು. ನೆರವಿಗಾಗಿ ವಾಷಿಂಗ್ಟನ್ನಿನಿಂದಲೂ ಫಿಲಡೆಲ್ಫಿಯದಿಂದಲೂ ಅಗ್ನಿಶಾಮಕ ದಳಗಳು ರೈಲಿನಲ್ಲಿ ಧಾವಿಸಿ ಬಂದುವು. ಆಳುಗಳಿದ್ದರು, ಯಂತ್ರಗಳಿದ್ದುವು, ನೀರೂ ಇತ್ತು. ಆದರೆ ಹೊರ ಊರಿನವರ ಕೊಳವೆಗಳು ಬಾಲ್ಟಿಮೋರಿನ ನಲ್ಲಿಗಳಿಗೆ ಹೊಂದಲಿಲ್ಲ! ತಿರುಪಿನ ಅಳತೆ ಊರೂರಿಗೆ ಬೇರೆಯಾಗಿತ್ತು. ಸಾವಿರದ ಐನೂರಕ್ಕೂ ಹೆಚ್ಚು ಕಟ್ಟಡಗಳು ಬೂದಿಯಾದುವು. ಆಮೇಲೆ ಸರ್ಕಾರದ ಮಾನಕ ಕಚೇರಿಯು ದೇಶದ ಕೊಳವೆಯ ಜೋಡಣೆಗಳನ್ನು ತರಿಸಿ ನೋಡಿದಾಗ ಆರುನೂರಕ್ಕೂ ಮಿಕ್ಕ ಬಗೆಗಳು ಕಂಡುಬಂದುವು.

ಹಾಗಾದರೆ ಫ್ಯೂಸುಗಳನ್ನೂ ಒಂದೇ ಅಳತೆಗೆ ತಂದುಬಿಟ್ಟರೆ ಆಯಿತಲ್ಲ, ಯಾವುದನ್ನು ಎಲ್ಲಿ ಬೇಕಾದರೂ ಹಾಕಬಹುದಲ್ಲ ಎಂದು ತೋರಬಹುದು. ಕೊಳವೆಗೂ ಫ್ಯೂಸಿಗೂ ಇರುವ ಭೇದ ಇಲ್ಲಿಯೇ ಇದೆ. ಕೊಳವೆ ಎಲ್ಲೆಡೆಯೂ ಹೊಂದಿದಷ್ಟೂ ಒಳ್ಳೆಯದು. ಫ್ಯೂಸು ಎಲ್ಲೆಡೆಯೂ ಹೊಂದಿದರೆ ಅದೇ ಅಪಾಯ.

ಅತಿಯಾದ ಹೊಂದಾಣಿಕೆ

ಅಮೆರಿಕದವರು ಈ ಪಾಠವನ್ನು ಅನುಭವದಿಂದ ಕಲಿತರು. ಎಡಿಸನ್ನನ ದೀಪದ ಬುಡಕ್ಕಿದ್ದ ತಿರುಪನ್ನೇ ಅಲ್ಲಿನ ಮನೆಗಳ ಫ್ಯೂಸಿಗೂ ಬಳಸಿದರು. ಅಂಗಡಿಯಿಂದ ಯಾರು ಮಾಡಿದ್ದನ್ನು ತಂದರೂ ಬಲ್ಬಿನಂತೆ ತಿರುಗಿಸಿ ಕೂರಿಸಬಹುದಾಗಿತ್ತು. ಕೊಳ್ಳುವವನಿಗೆ ಇದಕ್ಕಿಂತ ಅನುಕೂಲವಿಲ್ಲ. ಆದರೆ ೧೫ ಆಂಪಿಯರಿನದಕ್ಕೂ ೨೦ರದಕ್ಕೂ ೩೦ರದಕ್ಕೂ ತಿರುಪು ಒಂದೇ. ಹದಿನೈದರ ಫ್ಯೂಸು ಪದೇ ಪದೇ ಹೋಗುತ್ತಿದ್ದರೆ ಮೂವತ್ತರದನ್ನು ತಂದು ಹಾಕುವುದು ರೂಢಿಯಾಯಿತು. ಅದೂ ಇಲ್ಲದಿದ್ದರೆ ತಾಮ್ರದ ಪೆನ್ನಿ ನಾಣ್ಯವೊಂದನ್ನು ಫ್ಯೂಸಿನ ಕೆಳಗೆ ತುರುಕುವ ಮಹಾನುಭಾವರೂ ಇದ್ದರು. ಕಾವಲಿಗೆ ನಿಂತವನ ಕೈಯಿಂದಲೇ ಕದದ ಅಗುಳಿ ತೆಗೆಸಿದಂತಾಯಿತು.

ಇದಕ್ಕೆ ಪರಿಹಾರವಾಗಿ ಅಲ್ಲಿ 'ಎಸ್' ಬಗೆಯ ಫ್ಯೂಸು ಬಂದಿತು. ಹಳೆಯ ಗೂಡಿನೊಳಕ್ಕೆ ಒಂದು ಹೊಂದಿಕೆ ಬಳೆಯನ್ನು ತಿರುಗಿಸಿ ಕೂರಿಸುತ್ತಾರೆ. ಒಮ್ಮೆ ಕೂತ ಬಳೆ ಸುಲಭವಾಗಿ ಹೊರಬಾರದು. ಹದಿನೈದರ ಬಳೆ ಇದ್ದಲ್ಲಿ ಇಪ್ಪತ್ತರ ಅಥವಾ ಮೂವತ್ತರ ಫ್ಯೂಸು ಕೂರುವುದಿಲ್ಲ. ಇಂದು ಅಮೆರಿಕದ ವಿದ್ಯುತ್ ಸಂಹಿತೆಯಂತೆ ಹಳೆಯ ತಿರುಪಿನ ಫ್ಯೂಸನ್ನು ಹೊಸ ಕೆಲಸಕ್ಕೆ ಬಳಸುವಂತಿಲ್ಲ. ಹಳೆಯದಕ್ಕೆ ಬದಲಾಗಿ, ಅದೂ ಯಾರೂ ಕೈಯಾಡಿಸಿದ ಗುರುತಿಲ್ಲದಿದ್ದರೆ ಮಾತ್ರ, ಹಾಕಬಹುದು.

ಜರ್ಮನಿಯವರು ಇದೇ ಸಮಸ್ಯೆಯನ್ನು ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿಯೇ ಬೇರೊಂದು ಜಾಣತನದಿಂದ ಬಿಡಿಸಿದ್ದರು. ಸೀಮೆನ್ಸ್ ಸಂಸ್ಥೆಯು ಹೊರತಂದ 'ಡಯಾಜೆಡ್' ಫ್ಯೂಸು ನೋಡಲು ಪಿಂಗಾಣಿಯ ಪುಟ್ಟ ಸೀಸೆಯಂತಿದೆ. ಮೇಲಿನ ಮುಚ್ಚಳವೂ ಸೀಸೆಯ ಉದ್ದವೂ ಒಂದೇ. ಆದರೆ ಬುಡದ ಲೋಹದ ಮೂತಿಯ ದಪ್ಪವು ಆಂಪಿಯರಿಗೆ ತಕ್ಕಂತೆ ಹೆಚ್ಚುತ್ತದೆ: ೬ ಆಂಪಿಯರಿಗೆ ೬ ಮಿಲಿಮೀಟರ್, ೧೦ಕ್ಕೆ ೮, ೧೬ಕ್ಕೆ ೧೦, ೨೦ಕ್ಕೆ ೧೨, ೨೫ಕ್ಕೆ ೧೪. ಗೂಡಿನ ತಳದಲ್ಲಿ ಆ ಮೂತಿಗೆ ತಕ್ಕ ತೂತಿನ ಬಿಲ್ಲೆಯೊಂದನ್ನು ಕುಶಲ ಕೆಲಸಗಾರನು ಮೊದಲೇ ಕೂರಿಸಿರುತ್ತಾನೆ. ಸಣ್ಣ ಮೂತಿ ದೊಡ್ಡ ತೂತಿಗೆ ಇಳಿಯುತ್ತದೆ; ದೊಡ್ಡ ಮೂತಿ ಸಣ್ಣ ತೂತಿಗೆ ಇಳಿಯದು. ಎಂದರೆ, ಮನೆಯವನು ತಪ್ಪು ಮಾಡಿದರೂ ಕಡಿಮೆ ಆಂಪಿಯರಿನತ್ತ ಮಾತ್ರ ಮಾಡಬಲ್ಲ. ಆಗ ಆಗುವ ನಷ್ಟ ಸ್ವಲ್ಪ ಹೊತ್ತಿನ ಕತ್ತಲೆಯಷ್ಟೆ. ಅಲ್ಲದೆ ೬ಕ್ಕೆ ಹಸುರು, ೧೦ಕ್ಕೆ ಕೆಂಪು, ೧೬ಕ್ಕೆ ಬೂದಿ, ೨೦ಕ್ಕೆ ನೀಲಿ, ೨೫ಕ್ಕೆ ಹಳದಿ ಎಂದು ಬಣ್ಣದ ಗುರುತೂ ಇದೆ. ಅಕ್ಷರ ಬಾರದವನಿಗೂ ತಿಳಿಯುವ ಏರ್ಪಾಡು.

ಒಳ್ಳೆಯ ಮಾನಕದ ತಿರುಳು ಈ ಪಿಂಗಾಣಿಯ ಸೀಸೆಯಲ್ಲಿದೆ. ಯಾವ ಕಾರ್ಖಾನೆಯಲ್ಲಿ ತಯಾರಾದ ಹತ್ತರ ಫ್ಯೂಸಾದರೂ ಹತ್ತರ ಗೂಡಿಗೆ ಹೊಂದಬೇಕು. ಯಾವ ಕಾರ್ಖಾನೆಯಲ್ಲಿ ತಯಾರಾದ ಇಪ್ಪತ್ತರ ಫ್ಯೂಸೂ ಹತ್ತರ ಗೂಡಿಗೆ ಹೊಂದಬಾರದು. ಒಂದು ಕೈಯಲ್ಲಿ ಸ್ವಾಗತ, ಇನ್ನೊಂದು ಕೈಯಲ್ಲಿ ನಿಷೇಧ.

ಯುದ್ಧಕಾಲದ ಒಂದು ಸಮಿತಿ

ಬ್ರಿಟನ್ನಿನಲ್ಲಿ ಎರಡನೆಯ ಮಹಾಯುದ್ಧಕ್ಕೆ ಮೊದಲು ೨, ೫ ಮತ್ತು ೧೫ ಆಂಪಿಯರಿನ ದುಂಡು ಕಡ್ಡಿಯ ಪ್ಲಗ್ಗುಗಳು ಬಳಕೆಯಲ್ಲಿದ್ದುವು. ಒಂದಕ್ಕೆ ಹೊಂದುವ ಪ್ಲಗ್ಗು ಇನ್ನೊಂದಕ್ಕೆ ಹೊಂದದು. ೧೯೪೨ರಲ್ಲಿ, ಬಾಂಬುಗಳು ಇನ್ನೂ ಬೀಳುತ್ತಿದ್ದ ಕಾಲದಲ್ಲಿಯೇ, ಯುದ್ಧಾನಂತರ ಕಟ್ಟಬೇಕಾದ ಲಕ್ಷಾಂತರ ಮನೆಗಳ ವಿದ್ಯುತ್ ವ್ಯವಸ್ಥೆಯನ್ನು ಕುರಿತು ಆಲೋಚಿಸಲು ಒಂದು ಸಮಿತಿಯು ಕೂಡಿತು. ಅದರಲ್ಲಿದ್ದ ಏಕೈಕ ಮಹಿಳೆ ಕ್ಯಾರೊಲಿನ್ ಹ್ಯಾಸ್ಲೆಟ್. ಮಹಿಳಾ ವಿದ್ಯುತ್ ಸಂಘದ ನಿರ್ದೇಶಕಿಯಾಗಿದ್ದ ಆಕೆ ಗೃಹಿಣಿಯರ ಮತ್ತು ಮಕ್ಕಳ ಸುರಕ್ಷತೆಯ ಪರವಾಗಿ ಎಡೆಬಿಡದೆ ವಾದಿಸಿದರು. ಬಿಗಿಯಾದ ತೆರೆಯ ಹಿಂದೆ ಸಾಕೆಟ್ಟಿನ ತೂತುಗಳು ಮುಚ್ಚಿರಬೇಕೆಂಬುದು ಹೊಸ ನಿಯಮಗಳಲ್ಲಿ ಒಂದಾಯಿತು.

ಯುದ್ಧದಿಂದಾಗಿ ತಾಮ್ರಕ್ಕೆ ಬರ ಬಂದಿತ್ತು. ಪ್ರತಿ ಸಾಕೆಟ್ಟಿಗೂ ಹಲಗೆಯಿಂದ ಬೇರೆ ತಂತಿ ಎಳೆಯುವ ಬದಲು, ಒಂದೇ ತಂತಿಯನ್ನು ಮನೆಯ ಸುತ್ತ ಉಂಗುರದಂತೆ ಸುತ್ತಿಸಿ ಮತ್ತೆ ಹಲಗೆಗೆ ತಂದು, ಅದಕ್ಕೆಲ್ಲ ೩೦ ಆಂಪಿಯರಿನ ಒಂದು ಫ್ಯೂಸನ್ನು ಇಡುವ ಉಪಾಯವನ್ನು ಕಂಡುಕೊಂಡರು. ಆದರೆ ಮೇಜಿನ ದೀಪದ ಬಡಕಲು ತಂತಿಯನ್ನು ಮೂವತ್ತರ ಫ್ಯೂಸು ಹೇಗೆ ಕಾಪಾಡೀತು? ಆದ್ದರಿಂದ ಪ್ರತಿ ಪ್ಲಗ್ಗಿನೊಳಗೂ ಒಂದು ಪುಟ್ಟ ಫ್ಯೂಸು ಇರಬೇಕೆಂದು ಗೊತ್ತಾಯಿತು. ೧೯೪೭ರಲ್ಲಿ ಹೊರಬಂದ ಬಿ.ಎಸ್. ೧೩೬೩ ಎಂಬ ಮಾನಕದಂತೆ ಚಪ್ಪಟೆಯಾದ ಮೂರು ಕಡ್ಡಿಗಳ ಪ್ಲಗ್ಗು ರೂಪುಗೊಂಡಿತು. ಅದರ ಫ್ಯೂಸು ಒಂದು ಅಂಗುಲ ಉದ್ದ, ಕಾಲು ಅಂಗುಲ ದಪ್ಪ. ದೀಪ ಮುಂತಾದುವಕ್ಕೆ ಕೆಂಪು ಗುರುತಿನ ೩ ಆಂಪಿಯರ್, ಒಲೆ ಮುಂತಾದುವಕ್ಕೆ ಕಂದು ಗುರುತಿನ ೧೩ ಆಂಪಿಯರ್.

ಇಲ್ಲಿ ಮೂರಕ್ಕೂ ಹದಿಮೂರಕ್ಕೂ ಅಳತೆ ಒಂದೇ ಎಂಬುದು ನಿಜ. ಆದರೆ ಆ ಅಳತೆಯಲ್ಲಿ ಹದಿಮೂರಕ್ಕಿಂತ ಹೆಚ್ಚಿನ ಫ್ಯೂಸನ್ನು ಮಾನಕವು ಒಪ್ಪುವುದಿಲ್ಲ. ತಪ್ಪಿಗೆ ಬಾಗಿಲು ಮುಚ್ಚದಿದ್ದರೂ ತಪ್ಪಿಗೆ ಮೇಲ್ಮಿತಿ ಕಟ್ಟಿದರು.

ಅದೇ ಕಾಲದಲ್ಲಿ ಡಾರ್ಮನ್ ಅಂಡ್ ಸ್ಮಿತ್ ಎಂಬ ಸಂಸ್ಥೆಯ ಬೇರೊಂದು ಪ್ಲಗ್ಗೂ ಕೆಲವು ಊರುಗಳ ಮನೆಗಳಿಗೆ ಬಂದಿತು. ಅದರಲ್ಲಿ ಪ್ಲಗ್ಗಿನ ಒಂದು ಕಡ್ಡಿಯೇ ಫ್ಯೂಸು; ಅದನ್ನು ತಿರುಗಿಸಿ ಪ್ಲಗ್ಗಿಗೆ ಕೂರಿಸಬೇಕು. ಬಳಸುತ್ತ ಬಳಸುತ್ತ ತಿರುಪು ಸಡಿಲವಾಗಿ, ಪ್ಲಗ್ಗನ್ನು ಎಳೆದಾಗ ವಿದ್ಯುತ್ತಿರುವ ಕಡ್ಡಿಯು ಸಾಕೆಟ್ಟಿನಲ್ಲಿಯೇ ಉಳಿದುಬಿಡುವ ಸಂಭವವಿತ್ತು. ಬಿ.ಎಸ್. ೧೩೬೩ರ ಮುಂದೆ ಆ ಬಗೆ ಕ್ರಮೇಣ ಮರೆಯಾಯಿತು.

ಸಂಖ್ಯೆಯೂ ಒಂದೇ ಭಾಷೆ ಆಡಬೇಕು

ಆಕಾರವೂ ಅಳತೆಯೂ ಒಂದಾದರೆ ಸಾಕೆ? ಸಾಲದು. ರೇಡಿಯೋ, ಟೆಲಿವಿಷನ್ನುಗಳೊಳಗೆ ೫ ಮಿಲಿಮೀಟರ್ ದಪ್ಪ, ೨೦ ಮಿಲಿಮೀಟರ್ ಉದ್ದದ ಗಾಜಿನ ಕೊಳವೆಯ ಫ್ಯೂಸನ್ನು ಅನೇಕರು ಕಂಡಿರಬಹುದು. ಇಂತಹ ಎರಡು ಫ್ಯೂಸುಗಳ ಮೇಲೂ ೫ ಆಂಪಿಯರ್ ಎಂದು ಬರೆದಿದೆ ಎನ್ನೋಣ. ಒಂದು ಅಮೆರಿಕದ ಮಾನಕದಂತೆ, ಇನ್ನೊಂದು ಅಂತರರಾಷ್ಟ್ರೀಯ ಮಾನಕದಂತೆ ತಯಾರಾದುದು. ಎರಡರಲ್ಲಿಯೂ ೭ ಆಂಪಿಯರ್ ಹರಿಯಿಸಿದರೆ ಅಮೆರಿಕದ್ದು ಒಂದು ಗಂಟೆಯೊಳಗೆ ಕರಗಲೇಬೇಕು. ಮತ್ತೊಂದು ಒಂದು ಗಂಟೆಯವರೆಗೆ ಕರಗಲೇಬಾರದು! ಏಕೆಂದರೆ ಮೊದಲನೆಯದಕ್ಕೆ ಸಂಖ್ಯೆಯ ೧.೩೫ ಪಾಲು ಮೀರಿದರೆ ಗಂಟೆಯೊಳಗೆ ಮುಕ್ತಾಯವೆಂಬ ನಿಯಮ. ಎರಡನೆಯದಕ್ಕೆ ೧.೫ ಪಾಲಿನವರೆಗೆ ಗಂಟೆಯ ಕಾಲ ತಾಳಬೇಕೆಂಬ ನಿಯಮ. ರೂಪ ಒಂದು, ಹೆಸರು ಒಂದು, ನಡತೆ ಬೇರೆ.

ಮೂರನೆಯ ವಿಷಯವೊಂದಿದೆ. ತಂತಿಗಳೆರಡು ನೇರವಾಗಿ ತಾಗಿ ಸಾವಿರಾರು ಆಂಪಿಯರ್ ನುಗ್ಗಿದಾಗ, ಕರಗಿದ ಫ್ಯೂಸಿನ ಎರಡು ತುದಿಗಳ ನಡುವೆ ಮಿಂಚಿನಂತಹ ಕಿಡಿ ಏಳುತ್ತದೆ. ಅದು ನಂದದಿದ್ದರೆ ಪ್ರವಾಹ ನಿಲ್ಲದು, ಫ್ಯೂಸೇ ಸಿಡಿಯಬಹುದು. ಇದಕ್ಕಾಗಿ ಪಿಂಗಾಣಿಯ ಕೊಳವೆಯೊಳಗೆ ಶುದ್ಧವಾದ ಮರಳನ್ನು ತುಂಬುತ್ತಾರೆ. ಕಿಡಿಯ ತಾಪಕ್ಕೆ ಮರಳು ಕರಗಿ ಗಾಜಿನಂತಾಗಿ ಕಿಡಿಯನ್ನು ಉಸಿರುಗಟ್ಟಿಸುತ್ತದೆ. ಸಣ್ಣ ಗಾಜಿನ ಫ್ಯೂಸು ಕೆಲವು ಹತ್ತು ಆಂಪಿಯರುಗಳ ಪ್ರವಾಹವನ್ನಷ್ಟೇ ನಂಬಿಕೆಯಿಂದ ಕಡಿಯಬಲ್ಲುದು. ಅದೇ ಅಳತೆಯ ಮರಳು ತುಂಬಿದ ಫ್ಯೂಸು ೧೫೦೦ ಆಂಪಿಯರನ್ನು ಕಡಿಯಬಲ್ಲುದು. ಬ್ರಿಟನ್ನಿನ ಪ್ಲಗ್ಗಿನ ಫ್ಯೂಸು ೬೦೦೦ ಆಂಪಿಯರನ್ನು. ಒಂದರ ಜಾಗದಲ್ಲಿ ಇನ್ನೊಂದು ಸಲೀಸಾಗಿ ಕೂರುವುದಾದರೂ ಸಮಯ ಬಂದಾಗ ಒಂದು ಕಾಯುತ್ತದೆ, ಒಂದು ಸಿಡಿಯುತ್ತದೆ.

ಲಂಡನ್ನಿನಲ್ಲಿ ೧೯೦೬ರಲ್ಲಿ ಹುಟ್ಟಿ, ಲಾರ್ಡ್ ಕೆಲ್ವಿನ್ನನನ್ನು ಮೊದಲ ಅಧ್ಯಕ್ಷನನ್ನಾಗಿ ಪಡೆದ ಅಂತರರಾಷ್ಟ್ರೀಯ ವಿದ್ಯುತ್ ತಾಂತ್ರಿಕ ಆಯೋಗವು ಈ ಭೇದಗಳನ್ನು ತಗ್ಗಿಸಲು ದುಡಿಯುತ್ತ ಬಂದಿದೆ. ಮನೆ ಮತ್ತು ಕಾರ್ಖಾನೆಗಳ ಫ್ಯೂಸುಗಳಿಗೆ ಅದು ಐ.ಇ.ಸಿ. ೬೦೨೬೯ ಎಂಬ ಮಾನಕವನ್ನು ರಚಿಸಿದೆ. ಎಷ್ಟು ಪ್ರವಾಹಕ್ಕೆ ಎಷ್ಟು ಹೊತ್ತಿನಲ್ಲಿ ಕರಗಬೇಕೆಂಬ ನಡತೆಯನ್ನು ಅದು ಏಕರೂಪಕ್ಕೆ ತಂದಿದೆ. ಆದರೆ ಆಕಾರಗಳನ್ನು ಒಂದಾಗಿಸಲು ಅದಕ್ಕೂ ಆಗಲಿಲ್ಲ. ಬೇರೆ ಬೇರೆ ದೇಶಗಳ ಆಕಾರಗಳನ್ನೆಲ್ಲ ಒಂದೊಂದು ಅಕ್ಷರದ ಹೆಸರಿನಲ್ಲಿ ಪಟ್ಟಿ ಮಾಡಿ ಒಪ್ಪಿಕೊಂಡಿತು. ಕೋಟ್ಯಂತರ ಮನೆಗಳ ಗೋಡೆಗೆ ಒಮ್ಮೆ ಜಡಿದ ಗೂಡನ್ನು ಕಾಗದದ ಮೇಲಿನ ನಿರ್ಣಯದಿಂದ ಕೀಳಲಾಗದು.

ಹಳೆಯ ಪಾಠವನ್ನು ಹೊಸಬರು ಮತ್ತೆ ಮರೆಯುವುದೂ ಉಂಟು. ಮೋಟಾರು ಗಾಡಿಗಳಲ್ಲಿ ಈಗ ಕಾಣುವ, ಎರಡು ಚಪ್ಪಟೆ ಕಾಲುಗಳ ಬಣ್ಣಬಣ್ಣದ ಫ್ಯೂಸು ೧೯೭೬ರಲ್ಲಿ ಅಮೆರಿಕದಲ್ಲಿ ಬಂದುದು. ಇಂದು ಅದು ಜಗತ್ತಿನ ಬಹುತೇಕ ಗಾಡಿಗಳಲ್ಲಿದೆ. ಕೆಂಪು ೧೦, ನೀಲಿ ೧೫, ಹಳದಿ ೨೦, ಹಸುರು ೩೦. ಆದರೆ ಕೆಂಪಿನ ಜಾಗದಲ್ಲಿ ಹಸುರು ನಿರಾತಂಕವಾಗಿ ಕೂರುತ್ತದೆ. ಅಲ್ಲಿ ಕಾವಲಿರುವುದು ಬಣ್ಣ ಮತ್ತು ಕೆಲಸಗಾರನ ಮನಸ್ಸಾಕ್ಷಿ ಮಾತ್ರ.

ನಮ್ಮ ಗೋಡೆಯ ಮೇಲೆ

ಈಗ ನಮ್ಮ ನಾಡಿಗೆ ಬರೋಣ. ಶಿವನಸಮುದ್ರದ ವಿದ್ಯುತ್ತು ೧೯೦೨ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. ೧೯೦೫ರಲ್ಲಿ ಬೆಂಗಳೂರಿನ ಬೀದಿಯಲ್ಲಿ ದೀಪವಾಗಿ ಬೆಳಗಿತು. ಆ ಕಾಲದ ಭಾರತಕ್ಕೆ ವಿದ್ಯುತ್ತಿನೊಡನೆ ಬಂದ ಪದ್ಧತಿಗಳು ಬಹುಮಟ್ಟಿಗೆ ಬ್ರಿಟನ್ನಿನವು. ಬ್ರಿಟಿಷರು ತಮ್ಮ ಮನೆಯಲ್ಲಿ ಚಪ್ಪಟೆ ಕಡ್ಡಿಗೆ ಬದಲಾದರೂ ಅವರ ಹಳೆಯ ದುಂಡು ಕಡ್ಡಿಯ ಪ್ಲಗ್ಗು ನಮ್ಮಲ್ಲಿ ಉಳಿಯಿತು. ಅದರೊಳಗೆ ಫ್ಯೂಸು ಇಲ್ಲವಾದ್ದರಿಂದ ಹಲಗೆಯ ಮೇಲಿನ ಫ್ಯೂಸಿನ ಹೊಣೆ ನಮ್ಮಲ್ಲಿ ಇನ್ನೂ ಹೆಚ್ಚು.

೧೯೪೭ರ ಜನವರಿಯಲ್ಲಿ, ಸ್ವಾತಂತ್ರ್ಯಕ್ಕೆ ಕೆಲವು ತಿಂಗಳು ಮುಂಚೆಯೇ, ಭಾರತೀಯ ಮಾನಕ ಸಂಸ್ಥೆ ಸ್ಥಾಪಿತವಾಯಿತು. ೧೯೮೭ರಿಂದ ಅದರ ಕಾರ್ಯವನ್ನು ಭಾರತೀಯ ಮಾನಕ ಬ್ಯೂರೋ ನಡೆಸುತ್ತಿದೆ. ಜನರು 'ಕಿಟ್‌ಕ್ಯಾಟ್' ಎಂದು ಕರೆಯುವ ಪಿಂಗಾಣಿಯ ಹಿಡಿಗೂ ಗೂಡಿಗೂ ಐ.ಎಸ್. ೨೦೮೬ ಎಂಬ ಮಾನಕವಿದೆ. ಹಿಡಿಯ ಮೇಲೆ ೧೬ ಎಂದು ಬರೆದಿರಬಹುದು. ಆದರೆ ಅದಕ್ಕೆ ಸುತ್ತುವ ತಂತಿಗೆ ಆ ಸಂಖ್ಯೆ ಓದಲು ಬರುವುದಿಲ್ಲ. ಮಾನಕವು ಪಿಂಗಾಣಿಯ ಬಾಗಿಲವರೆಗೆ ಬಂದು ನಿಲ್ಲುತ್ತದೆ. ಒಳಗಿನ ತೀರ್ಮಾನ ಮನೆಯವನ ಕೈಯಲ್ಲಿದೆ.

ಹೊಸ ಮನೆಗಳಲ್ಲಿ ಫ್ಯೂಸಿನ ಬದಲು ತಾನಾಗಿಯೇ ಬೀಳುವ ಪುಟ್ಟ ಸ್ವಿಚ್ಚುಗಳು, ಎಂದರೆ ಎಂ.ಸಿ.ಬಿ.ಗಳು, ಬಂದಿವೆ. ಬಿದ್ದರೆ ಎತ್ತಿಹಾಕಬಹುದು, ತಂತಿ ಸುತ್ತುವ ಗೋಜಿಲ್ಲ. ಇದು ದೊಡ್ಡ ಉಪಕಾರವೇ ಸರಿ. ಆದರೆ ೧೬ರ ಸ್ವಿಚ್ಚೂ ೩೨ರ ಸ್ವಿಚ್ಚೂ ಒಂದೇ ಅಗಲ. ೩೫ ಮಿಲಿಮೀಟರಿನ ಅದೇ ಲೋಹದ ಪಟ್ಟಿಯ ಮೇಲೆ ಎರಡೂ ಕೂರುತ್ತವೆ. ನೀರು ಕಾಯಿಸುವ ಯಂತ್ರವನ್ನು ಹಾಕಿದಾಗಲೆಲ್ಲ ಸ್ವಿಚ್ಚು ಬೀಳುತ್ತದೆಂದು ಬೇಸತ್ತು, ಗೋಡೆಯೊಳಗಿನ ತಂತಿಯನ್ನು ಬದಲಿಸದೆ ಮೂವತ್ತೆರಡರದನ್ನು ಹಾಕಿಸಿಕೊಂಡರೆ, ನಾವು ಪೆನ್ನಿ ನಾಣ್ಯದ ಕಾಲಕ್ಕೇ ಹಿಂತಿರುಗಿದಂತೆ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂದು ಹಿರಿಯರು ಹೇಳಿದ್ದುಂಟು. ಗೋಡೆಯ ತಂತಿಯೇ ಇಲ್ಲಿ ಹಾಸಿಗೆ, ಫ್ಯೂಸಿನ ಸಂಖ್ಯೆ ಕಾಲು.

ಆದುದರಿಂದ ಕೆಲವು ಮಾತುಗಳನ್ನು ವಾಚಕರು ನೆನಪಿನಲ್ಲಿಡುವುದು ಒಳಿತು. ಹಿಡಿಯನ್ನು ಕೀಳುವ ಮೊದಲು ಮುಖ್ಯ ಸ್ವಿಚ್ಚನ್ನು ಆರಿಸಬೇಕು. ಆಂಪಿಯರ್ ನಮೂದಿಸಿದ ಫ್ಯೂಸ್ ತಂತಿಯನ್ನು ಮೊದಲೇ ಕೊಂಡು ಹಲಗೆಯ ಬಳಿ ಇಟ್ಟಿರಬೇಕು. ಹಳೆಯ ವೈರಿನಿಂದ ಸುಲಿದ ಎಳೆಗಳನ್ನು ಎಂದಿಗೂ ಬಳಸಬಾರದು. ದೀಪದ ಸಾಲಿಗೆ ಯಾವ ಸಂಖ್ಯೆ, ಒಲೆಯ ಸಾಲಿಗೆ ಯಾವ ಸಂಖ್ಯೆ ಎಂಬುದನ್ನು ಬಲ್ಲವರಿಂದ ಕೇಳಿ ಹಲಗೆಯ ಮೇಲೆ ಬರೆದಿಡಬೇಕು. ಒಮ್ಮೆ ಬದಲಿಸಿದ ಫ್ಯೂಸು ಕೂಡಲೇ ಮತ್ತೆ ಹೋದರೆ, ಅದು ತನಗೆ ಕಂಡ ಕಳ್ಳನನ್ನು ತೋರಿಸಿ ಕೂಗುತ್ತಿದೆ ಎಂದು ತಿಳಿದು ಕೆಲಸ ಬಲ್ಲವರನ್ನು ಕರೆಯಬೇಕು. ಅದರ ಬಾಯಿಗೆ ದಪ್ಪ ತಂತಿ ತುರುಕಿ ಕೂಗನ್ನು ಅಡಗಿಸಬಾರದು.